ಸಾಲ ತೀರುವ ಮೊದಲೇ ಮುಗಿಯುವ ಮೌಲ್ಯಮಾಪನ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಸೀಮೆಗೆ ಹೊರಗಿನ ನೆರವಿನ ಆರೋಗ್ಯ ಯೋಜನೆಗಳು ಹೊಸವಲ್ಲ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪಕ್ಕದ ರಾಮನಗರದಲ್ಲಿ ಸುರಕ್ಷಿತ ದಿನಗಳ ಲೆಕ್ಕದಿಂದ ಗರ್ಭ ತಡೆಯುವ ಕ್ರಮವನ್ನು ಪರೀಕ್ಷಿಸಿದರು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಆಸಕ್ತಿಯಿಂದ ಕೇಳಿದವರು ಬಹಳ, ಬಿಡದೆ ಪಾಲಿಸಿದವರು ಕೆಲವರೇ. 1973ರಲ್ಲಿ ವಿಶ್ವ ಬ್ಯಾಂಕಿನ ಸಾಲ, ಸ್ವೀಡನ್ನಿನ ನೆರವು ಸೇರಿ ಭಾರತದ ಮೊದಲ ಜನಸಂಖ್ಯಾ ಯೋಜನೆ ಬೆಂಗಳೂರು ವಿಭಾಗದಲ್ಲಿ ಶುರುವಾಯಿತು. ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದ ಚನ್ನಪಟ್ಟಣವೂ ಆ ವಿಭಾಗದ್ದೇ. ಕಟ್ಟಡಗಳೆದ್ದವು, ಸಿಬ್ಬಂದಿ ಬಂದರು. ಫಲವನ್ನು ಅಳೆಯಲು ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರವೂ ಹುಟ್ಟಿತು. ಅಷ್ಟರಲ್ಲಿ ತುರ್ತುಪರಿಸ್ಥಿತಿ ಬಂದು ಸಂತಾನಹರಣ ಚಿಕಿತ್ಸೆಯ ಗುರಿಗಳನ್ನು ದೇಶದ ಮೇಲೆಲ್ಲ ಹೇರಿತು. ಫಲದಲ್ಲಿ ಯೋಜನೆಯ ಪಾಲೆಷ್ಟು, ಒತ್ತಾಯದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಆಮೇಲೆ ಕಷ್ಟವಾಯಿತು.

ಕಟ್ಟಡಗಳನ್ನು, ಖರ್ಚಾದ ಹಣವನ್ನು ಎಣಿಸಿದರೆ ಸಾಲ ಎಲ್ಲಿಗೆ ಹೋಯಿತು ಎಂಬುದು ಗೊತ್ತಾಗುತ್ತದೆ, ಯಾರ ಬದುಕು ಬದಲಾಯಿತು ಎಂಬುದು ಗೊತ್ತಾಗದು. ಅದಕ್ಕೆ ಯೋಜನೆ ಬಂದ ಊರನ್ನು ಬಾರದ ಊರಿನ ಜೊತೆ ಹೋಲಿಸಲೇಬೇಕು. ಬಡ ಕುಟುಂಬಗಳ ಚಿಕಿತ್ಸೆಯ ವೆಚ್ಚ ಭರಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಇದಕ್ಕೆ ನಮ್ಮದೇ ರಾಜ್ಯದ ಒಳ್ಳೆಯ ನಿದರ್ಶನ. ವಿಶ್ವ ಬ್ಯಾಂಕಿನ ನೆರವೂ ಇದ್ದ ಈ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಯಾಯಿತು. ರಾಮನಗರವೂ ಸೇರಿದ ದಕ್ಷಿಣ ಭಾಗ ಕಾಯಬೇಕಾಯಿತು. ಸಂಶೋಧಕರು ಎರಡು ಭಾಗಗಳ ಗಡಿಯ 572 ಹಳ್ಳಿಗಳಲ್ಲಿ ಸುಮಾರು 60,000 ಮನೆಗಳನ್ನು ಸಮೀಕ್ಷೆ ಮಾಡಿದರು. ಯೋಜನೆಯ ವ್ಯಾಪ್ತಿಯ ರೋಗಗಳಿಂದ ಸತ್ತವರ ಪ್ರಮಾಣ ಯೋಜನೆ ಬಂದ ಕಡೆಯ ಬಡ ಕುಟುಂಬಗಳಲ್ಲಿ ಶೇ 0.32, ಬಾರದ ಕಡೆ ಶೇ 0.90. ಸಾವಿನ ಕಾರಣವನ್ನು ಮನೆಯವರ ಮಾತಿನಿಂದ ತಿಳಿದದ್ದು, ಇಷ್ಟು ದೊಡ್ಡ ಇಳಿಕೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವೇ. ಆದರೆ ಯೋಜನೆಗೆ ಅರ್ಹತೆಯಿಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಹಾಗಾಗಿ ಅಂಕಿಯ ಗಾತ್ರದ ಬಗ್ಗೆ ಚರ್ಚೆಯಿರಬಹುದು, ದಿಕ್ಕಿನ ಬಗ್ಗೆ ನನಗೆ ಅನುಮಾನವಿಲ್ಲ. ಹೋಲಿಕೆಗಾಗಿ ರೋಗಿಗಳನ್ನು ಕಾಯಿಸುವುದು ತಪ್ಪು, ನಿಜ. ಇಲ್ಲಿ ಮಾತ್ರ ಹಂತಹಂತದ ಜಾರಿಯನ್ನು ಸರ್ಕಾರವೇ ನಿರ್ಧರಿಸಿತ್ತು. ಆ ಕಾಯುವಿಕೆಯಿಂದ ಏನೂ ಕಲಿಯದೆ ಹೋಗಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು.

ಪಿಂಚಣಿಯ ವಿಷಯದಲ್ಲಿ ಹೀಗೆ ಬೇಗ ಉತ್ತರ ಸಿಗುವುದಿಲ್ಲ. 2001 ಮತ್ತು 2002ರಲ್ಲಿ ಕರ್ನಾಟಕ ಹಣಕಾಸು ಸುಧಾರಣೆಗಾಗಿ ವಿಶ್ವ ಬ್ಯಾಂಕಿನಿಂದ ಸಾಲ ಪಡೆಯಿತು. 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ಅದೇ ಸುಧಾರಣೆಯ ಸಾಲಿನಲ್ಲಿ 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರಿಗೆ ನಿಶ್ಚಿತ ಪಿಂಚಣಿಯ ಬದಲು ವಂತಿಗೆ ಆಧಾರಿತ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಬಂತು. ಅಂದು 25ರ ವಯಸ್ಸಿನಲ್ಲಿ ಸೇರಿದ ಶಿಕ್ಷಕಿ 60ಕ್ಕೆ ನಿವೃತ್ತಳಾಗುವುದು 2041ರಲ್ಲಿ. ಬಜೆಟ್ಟಿನ ಹೊರೆ ಇಳಿದರೆ ಸಾಕು, ಅದೇ ಸುಧಾರಣೆಯ ಅಳತೆ ಎನ್ನುವವರಿದ್ದಾರೆ. ಖಜಾನೆಯಿಂದ ಇಳಿದ ಹೊರೆ ಆ ಶಿಕ್ಷಕಿಯ ಮುಪ್ಪಿನ ಮೇಲೆ ಬಿದ್ದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಡವೆ? ಸಾಲ ಕೊಟ್ಟವರು ಅಲ್ಲಿಯತನಕ ಕಾಯುವುದಿಲ್ಲ. ಆ ಅಳತೆಯನ್ನು ವಿಧಾನಮಂಡಲವೇ ಕೈಗೆತ್ತಿಕೊಂಡು, ಎನ್‌ಪಿಎಸ್‌ನಲ್ಲಿ ನಿವೃತ್ತರಾಗುವವರ ಕೈಗೆ ತಿಂಗಳಿಗೆ ಎಷ್ಟು ಬರುತ್ತಿದೆ ಎಂಬುದನ್ನು ಈಗಿನಿಂದಲೇ ವರ್ಷವರ್ಷವೂ ಸದನದ ಮುಂದಿಡಿಸಬೇಕು.