ಪಾತಿ ದೋಣಿ

ಕರ್ನಾಟಕ ಕರಾವಳಿಯ ಸಾಂಪ್ರದಾಯಿಕ ಮೀನುಗಾರಿಕೆ ದೋಣಿ. ಮರದ ದಿಮ್ಮಿ ಕೊರೆದು ಮಾಡಿದ ಕಿರಿದಾದ ಒಡಲು, ಅದರ ಒಂದು ಬದಿಗೆ ಅಡ್ಡಗಳುಗಳ ಮೂಲಕ ಕಟ್ಟಿದ ತೇಲುದಿಮ್ಮಿ ಇದರ ಲಕ್ಷಣ. ಖಾರ್ವಿ, ಹರಿಕಂತ್ರ, ಮೊಗವೀರ ಮೊದಲಾದ ಸಮುದಾಯಗಳು ಕರಾವಳಿಯ ಮೀನುಗಾರಿಕೆಯನ್ನು ನಡೆಸಿಕೊಂಡು ಬಂದಿವೆ.

ಸಮತೋಲ: ಒಂದೇ ಮರದಿಂದ ಕೊರೆದ ಒಡಲಿನ ಅಗಲ ಆ ಮರದ ದಪ್ಪವನ್ನು ಹೆಚ್ಚು ಮೀರಲಾರದು. ಕಿರಿದಾದ್ದರಿಂದ ಅದು ನೀರನ್ನು ಸುಲಭವಾಗಿ ಸೀಳುತ್ತದೆ, ಆದರೆ ಅಲೆಗೆ ಬೇಗ ಮಗುಚುತ್ತದೆ. ಈ ಕೊರತೆಯನ್ನು ತೇಲುದಿಮ್ಮಿ ನೀಗುತ್ತದೆ. ದೋಣಿ ದಿಮ್ಮಿಯ ಕಡೆಗೆ ವಾಲಿದರೆ ದಿಮ್ಮಿ ನೀರಿಗೆ ಇಳಿದು, ಅದರ ತೇಲುವ ಬಲ ದೋಣಿಯನ್ನು ಮೇಲೆತ್ತುತ್ತದೆ. ಎದುರು ಬದಿಗೆ ವಾಲಿದರೆ ದಿಮ್ಮಿಯ ಭಾರವೇ ಅದನ್ನು ಹಿಂದಕ್ಕೆಳೆಯುತ್ತದೆ. ಗಳು ಉದ್ದವಾದಷ್ಟೂ ಈ ಹಿಡಿತ ಹೆಚ್ಚು, ಜೊತೆಗೆ ಕಟ್ಟಿನ ಮೇಲಿನ ಒತ್ತಡವೂ ಹೆಚ್ಚು. ಹಗ್ಗದ ಕಟ್ಟು ಅಲೆಯ ಹೊಡೆತಕ್ಕೆ ತುಸು ಬಾಗಿಕೊಡುತ್ತದೆ. ಸಡಿಲಾದರೆ ದಡದಲ್ಲೇ ಬಿಗಿಯಬಹುದು. ತೇಲುದಿಮ್ಮಿಗೆ ಹಗುರ ಮರವೇ ಬೇಕು. ಬಲೆಯನ್ನು ದಿಮ್ಮಿಯಿಲ್ಲದ ಬದಿಯಿಂದ ಬಿಟ್ಟರೆ ಅದು ತೊಡಕಿಕೊಳ್ಳುವುದಿಲ್ಲ.

ಕಟ್ಟುವ ಕ್ರಮ: ಅಂಚು ಎತ್ತರಿಸಲು ಹಲಗೆ ಸೇರಿಸುವ ಕಡೆ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹೊಲಿಯುವುದು ಹಳೆಯ ರೂಢಿ. ಉಪ್ಪುನೀರಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ಹೊಲಿಗೆಗೆ ಆ ಭಯವಿಲ್ಲ. ಮರ ಕೆಡದಂತೆ ಮೀನೆಣ್ಣೆ ಬಳಿಯುತ್ತಾರೆ.

ಬಳಕೆ: ದಡದ ಸಮೀಪ ಬಂಗುಡೆ, ಬೂತಾಯಿ ಹಿಡಿಯಲು. ದೊಡ್ಡ ರಂಪಣಿ ಬಲೆ ಹಾಸುವ ಪಂಡಿ ದೋಣಿ ಇದಕ್ಕಿಂತ ದೊಡ್ಡದು. ಅದು ಬೇರೆ ಬಗೆ.

ಮೂಲ: ತೇಲುದಿಮ್ಮಿಯ ದೋಣಿಗಳು ಶ್ರೀಲಂಕಾ, ನಿಕೋಬಾರ್, ಇಂಡೋನೇಷ್ಯಾ, ಮಡಗಾಸ್ಕರ್ ಹಾಗೂ ಪೆಸಿಫಿಕ್ ದ್ವೀಪಗಳಲ್ಲೂ ಇವೆ. ಜೇಮ್ಸ್ ಹಾರ್ನೆಲ್ 1920ರ ತಮ್ಮ ಪ್ರಬಂಧದಲ್ಲಿ ಭಾರತದ ಇಂಥ ದೋಣಿಗಳನ್ನು ಪೂರ್ವದ ದ್ವೀಪಜನರ ಸಂಪರ್ಕಕ್ಕೆ ಜೋಡಿಸಿದರು. ಸಾಗರದಾಚೆಗಿನ ಸಂಪರ್ಕ ಸಂಭವನೀಯವೇ; ಆದರೆ ರೂಪಸಾಮ್ಯವೊಂದರಿಂದಲೇ ವಲಸೆಯನ್ನು ತೀರ್ಮಾನಿಸುವುದು ಸರಿಯಲ್ಲ.

  

ಇಂದಿನ ಸ್ಥಿತಿ: 1970ರ ದಶಕದ ನಡುವಿನಿಂದ ಪರ್ಸೀನ್ ಬಲೆ, ಅನಂತರ ಯಂತ್ರ ಜೋಡಿಸಿದ ನಾಡದೋಣಿ ಹಾಗೂ ಫೈಬರ್ ದೋಣಿಗಳು ಬಂದು ಮರದ ದೋಣಿಗಳು ಹಿಂದೆ ಸರಿದವು. ದೋಣಿಯನ್ನು ಸಂಗ್ರಹಾಲಯದಲ್ಲಿ ಉಳಿಸಬಹುದು. ಆದರೆ ಗಳು ಎಷ್ಟು ಉದ್ದ, ಕಟ್ಟು ಎಷ್ಟು ಬಿಗಿ ಎಂಬ ಕೈಯ ಲೆಕ್ಕವನ್ನು ಕುಶಲಕರ್ಮಿಗಳಿರುವಾಗಲೇ ದಾಖಲಿಸಬೇಕು.