ನಕ್ಷತ್ರದ ಸ್ಥಾನ, ನಕ್ಷತ್ರದ ಮುಖ

ಚಂದ್ರನ ಛಾಯಾಚಿತ್ರವನ್ನು ತೆಗೆಯುವುದು ಈಗ ಯಾರಿಗೂ ಅಸಾಧ್ಯವಲ್ಲ. ನಕ್ಷತ್ರದ ಮಾತು ಬೇರೆ. ದೂರದರ್ಶಕವನ್ನು ಎಷ್ಟು ಹಿರಿದಾಗಿಸಿದರೂ ನಕ್ಷತ್ರವು ಸಾಮಾನ್ಯವಾಗಿ ಬಿಂದುವಾಗಿಯೇ ಉಳಿಯುತ್ತದೆ. ಈ ಹಟಮಾರಿ ಬಿಂದುಗಳೊಡನೆ, 1948ರ ವರೆಗೆ ಕಲಬುರಗಿಯನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನವು ನಡೆಸಿದ ವ್ಯವಹಾರವನ್ನು ಶ್ರೋತೃಗಳ ಮುಂದಿಡಬಯಸುತ್ತೇನೆ.

ಮೊದಲು ಕಷ್ಟದ ಅಳತೆ. ಆರ್ದ್ರಾ ನಕ್ಷತ್ರವು ಸೂರ್ಯನಿಗಿಂತ ನೂರಾರು ಪಾಲು ಅಗಲವಾದುದು. ಆದರೂ ಅದು ನಮಗೆ ತೋರುವ ಅಗಲವೆಷ್ಟು? ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಿಂತವರು, ಕಮಲಾಪುರ ಹುಮನಾಬಾದುಗಳಾಚೆ, ನೇರವಾಗಿ ಸುಮಾರು 100 ಕಿಲೋಮೀಟರು ದೂರದ ಬೀದರಿನ ಕೋಟೆಯ ಮೇಲಿಟ್ಟ ಒಂದು ರೂಪಾಯಿಯ ನಾಣ್ಯವನ್ನು ನೋಡಿದಷ್ಟು! ಅದೂ ನಡುವೆ ವಾಯುಮಂಡಲವು ಸದಾ ಕದಡುತ್ತಿರುವಾಗ.

1887ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಜ್ಯೋತಿರ್ವಿಜ್ಞಾನಿಗಳು ನಕ್ಷತ್ರಗಳ ಮುಖದ ಆಸೆಯನ್ನಿಟ್ಟುಕೊಳ್ಳಲಿಲ್ಲ. ಸ್ಥಾನ ತಿಳಿದರೆ ಸಾಕೆಂದರು. ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಹಿಡಿಯಲು ಜಗತ್ತಿನ ವೇಧಶಾಲೆಗಳು ಅದನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡವು. ಚಿಲಿ ದೇಶದ ಸ್ಯಾಂಟಿಯಾಗೋ ತನ್ನ ಪಾಲನ್ನು ನಿರ್ವಹಿಸಲಾಗಲಿಲ್ಲ. ಆ ಪಾಲು, ಎಂದರೆ ಖಗೋಳದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 17ರಿಂದ 23 ಅಂಶಗಳ ಪಟ್ಟಿ, ಹೈದರಾಬಾದಿಗೆ ಬಂದಿತು.

ಅಲ್ಲಿಯ ವೇಧಶಾಲೆಯು ನವಾಬ್ ಜಫರ್ ಜಂಗರ ಸ್ವಂತ ಹವ್ಯಾಸದ ಫಲ. 1901ರಲ್ಲಿ ಸ್ಥಾಪಿತವಾದ ಅದು, ಅವರ ಮರಣಾನಂತರ 1908ರಲ್ಲಿ ನಿಜಾಮರ ಸರಕಾರದ ವಶವಾಯಿತು. ಚ್ಯಾಟ್‌ವುಡ್ ಮತ್ತು ಪೋಕಾಕ್ ಎಂಬ ಆಂಗ್ಲರ ತರುವಾಯ 1918ರಲ್ಲಿ ಟಿ. ಪಿ. ಭಾಸ್ಕರನ್ ಅದರ ಹೊಣೆ ಹೊತ್ತರು. ರಾತ್ರಿ ಫಲಕಕ್ಕೆ ಬೆಳಕುಣಿಸುವುದು, ಹಗಲು ಒಂದೊಂದು ಚುಕ್ಕಿಯನ್ನೂ ಸೂಕ್ಷ್ಮದರ್ಶಕದಿಂದ ಅಳೆದು ಬರೆದುಕೊಳ್ಳುವುದು: ಇದು ದಶಕಗಳ ದುಡಿಮೆ. ನಮ್ಮ ಪಂಚಾಂಗದ ಹಸ್ತಾ, ಅನೂರಾಧಾ ನಕ್ಷತ್ರಗಳ ಕೆಲವು ತಾರೆಗಳು ಈ ಪಟ್ಟಿಯಲ್ಲಿಯೇ ಇವೆ. ಮುಂದೆ ಜರ್ಮನಿಯ ಪಾಟ್ಸ್‌ಡ್ಯಾಮಿನ ಪಾಲಿನ ಒಂದಂಶವನ್ನೂ ಹೈದರಾಬಾದೇ ಪೂರೈಸಿತು.

ಆ ಫಲಕಗಳಲ್ಲಿ ಪ್ರಕಾಶಮಾನವಾದ ನಕ್ಷತ್ರ ದೊಡ್ಡ ಚುಕ್ಕಿಯಾಗಿಯೂ ಮಂದವಾದುದು ಚಿಕ್ಕದಾಗಿಯೂ ಕಾಣುತ್ತದೆ. ನೋಡಿದವರು ಅದನ್ನೇ ನಕ್ಷತ್ರದ ಗಾತ್ರವೆಂದು ಭ್ರಮಿಸಿಯಾರು. ಅದು ಬೆಳಕು ಲೇಪದಲ್ಲಿ ಹರಡಿದ ಕಲೆ ಮಾತ್ರ. ಆ ಅಳತೆಯ ಫಲಕದ ಮೇಲೆ ಆರ್ದ್ರೆಯ ನಿಜವಾದ ಬಿಂಬ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದು.

1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ಮೈಕೆಲ್ಸನ್ ಮತ್ತು ಪೀಸ್ ಎಂಬವರು 20 ಅಡಿಯ ತೊಲೆಯ ಮೇಲೆ ಕನ್ನಡಿಗಳನ್ನಿರಿಸಿ, ಬೆಳಕಿನ ಅಲೆಗಳನ್ನು ಕೂಡಿಸಿ, ಆರ್ದ್ರೆಯ ಅಗಲವನ್ನು ಅಳೆದರು. ಅಳತೆ ದೊರೆಯಿತು, ಚಿತ್ರ ದೊರೆಯಲಿಲ್ಲ. ಅದರ ಬಿಂಬದ ನೇರವಾದ ಚಿತ್ರವನ್ನು 1995ರಲ್ಲಿ ಹಬಲ್ ದೂರದರ್ಶಕವು ವಾಯುಮಂಡಲದ ಆಚೆಯಿಂದ ತೆಗೆಯಿತು. ಅದೂ ಮಸುಕು ಬಿಲ್ಲೆ, ನಡುವೆ ಒಂದು ಬಿಳುಪಾದ ಮಚ್ಚೆ.

ಹಾಗಾದರೆ ಹೈದರಾಬಾದಿನ ಶ್ರಮ ವ್ಯರ್ಥವಾಯಿತೆ? ಹಾಗೆಂದವರುಂಟು, ಪ್ಯಾರಿಸಿನ ಯೋಜನೆಯ ದೊಡ್ಡ ನಕ್ಷೆ ಪೂರ್ಣಗೊಳ್ಳಲೇ ಇಲ್ಲ, ನಕ್ಷತ್ರಗಳ ಪಟ್ಟಿ ಮಾತ್ರ ಮುಗಿಯಿತು. ಆದರೆ ಹಿಪಾರ್ಕಸ್ ಉಪಗ್ರಹವು ನಕ್ಷತ್ರಗಳ ಹೊಸ ಸ್ಥಾನಗಳನ್ನು ಅಳೆದು ತಂದಾಗ, ಅವು ಎತ್ತ ಎಷ್ಟು ಸರಿದಿವೆಯೆಂದು ತಿಳಿಯಲು ಹಳೆಯ ಸ್ಥಾನಗಳು ಬೇಕಾದವು. 2000ದಲ್ಲಿ ಹೊರಬಂದ ಟೈಕೋ-2 ಪಟ್ಟಿಯಲ್ಲಿ 25 ಲಕ್ಷ ನಕ್ಷತ್ರಗಳ ಚಲನೆಯನ್ನು ಗಣಿಸುವಾಗ ಆ ಹಳೆಯ ಅಳತೆಗಳನ್ನೇ ಹೊರತೆಗೆದರು, ಬೇಗಂಪೇಟೆಯ ಫಲಕಗಳಿಂದ ಬರೆದುಕೊಂಡವುಗಳನ್ನೂ ಕೂಡಿಸಿ.