ಜಗಲಿಯೇ ಅಂಗಡಿ

ಮೂಡಿಗೆರೆ, ಕಳಸದ ಕಡೆ ರಸ್ತೆಬದಿಯ ಹಳೆಯ ಮನೆಗಳಲ್ಲಿ ಮುಂದಿನ ಜಗಲಿಯೇ ಅಂಗಡಿಯಾಗಿರುವುದುಂಟು. ಹಿಂದೆ ತೊಟ್ಟಿ, ಅಡುಗೆಮನೆ. ಮೇಲೆ ಅಡಿಕೆ, ಏಲಕ್ಕಿ, ಮೆಣಸು ಇಡುವ ಅಟ್ಟ. ಪಕ್ಕದಲ್ಲಿ ಕಾಫಿ ಒಣಗಿಸುವ ಕಣ.

ಗೋಡೆ ಇಟ್ಟಿಗೆಯದು. ಆದರೆ ಎಲ್ಲವೂ ಸುಟ್ಟ ಇಟ್ಟಿಗೆಯಲ್ಲ. ಬೇಸಿಗೆಯಲ್ಲಿ ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಲ್ಲೇ ಒಣಗಿಸಿದ ಹಸಿ ಇಟ್ಟಿಗೆಯೂ ಇದೆ. ಅದಕ್ಕೆ ನೀರು ತಾಗಿದರೆ ಕರಗಿತೆಂದೇ ಲೆಕ್ಕ. ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಹೊಯ್ಯುವ ಈ ಸೀಮೆಯಲ್ಲಿ ಅಂಥ ಗೋಡೆ ಉಳಿದದ್ದು ಕೆಳಗಿನ ಕಲ್ಲಿನ ಪಂಚಾಂಗ, ಮೇಲಿನ ಅಗಲವಾದ ಸೂರು ಇವೆರಡರ ದೆಸೆಯಿಂದ. ಗೋಡೆಗಿಂತ ಮಾಡಿಗೇ ಹೆಚ್ಚು ಮರ್ಯಾದೆ ಸಲ್ಲಬೇಕು.

ಮಾಡಿಗೆ ಮೊದಲು ಹುಲ್ಲು, ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಕೆಂಪು ಹೆಂಚು ಕ್ರಮೇಣ ಘಟ್ಟ ಹತ್ತಿತು. ಹೆಂಚಿನ ಅಡಿಮೈಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಅಟ್ಟ ಹತ್ತಿದರೆ ಓದಬಹುದು. ನಡುನಡುವೆ ಬೆಳಕಿಗೆಂದು ಗಾಜಿನ ಹೆಂಚು.

ಅಂಗಡಿಯ ಬಾಗಿಲನ್ನು ಗಮನಿಸಿ. ಹೊಸ್ತಿಲಲ್ಲೂ ಮೇಲಿನ ತೊಲೆಯಲ್ಲೂ ಕೊರೆದ ಜಾಡಿಗೆ ಒಂದೊಂದೇ ಹಲಗೆಯನ್ನು ಜಾರಿಸಿ ಕೂರಿಸಬೇಕು. ಹಲಗೆಗಳಿಗೆ ಅಂಕಿ ಹಾಕಿರುತ್ತಾರೆ. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ.